ಅತ್ತೆ ಹೆಸರಿಟ್ಟ ಚಾನೆಲ್‌ಗಳು

ಒಂದು ಭಾನುವಾರ ಮಧ್ಯಾಹ್ನ ನಮ್ಮತ್ತೆ ಟಿವಿಯ ಮೇಲೆ ಟವೆಲ್ ಹೊದಿಸಿದರು. ರಿಮೋಟನ್ನು ನನ್ನ ಹೊಲಿಗೆ ಮಿಷನ್ನಿನ ಡ್ರಾಯರಿಗೆ ಹಾಕಿದರು. "ಇನ್ಮೇಲೆ ನಂಗೆ ಇದು ಬ್ಯಾಡ" ಅಂದರು.

ಅವರು ಜಗಳ ಆಡಿದ್ದರೆ ನನಗೆ ಸಮಾಧಾನ ಇರುತ್ತಿತ್ತು. (ಜಗಳದಲ್ಲಿ ಅವರು ನನಗಿಂತ ಒಂದು ಕೈ ಮೇಲೆ ಅನ್ನುವುದು ಈ ಅಂಕಣ ಓದುವ ನಿಮಗೆಲ್ಲ ಗೊತ್ತೇ ಇದೆ.) ಆವತ್ತು ಅವರು ದನಿ ಎತ್ತಲಿಲ್ಲ. ಸುಮ್ಮನೆ ಹೋಗಿ ಬಾಗಿಲ ಬಳಿ ಕಡಲೆಕಾಯಿ ಬಿಡಿಸುತ್ತಾ ಕೂತರು.

ಆಗಿದ್ದಿಷ್ಟೇ. ಕಂಪನಿಯವರು ಕೊಟ್ಟ ಸೆಟ್ ಟಾಪ್ ಬಾಕ್ಸು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಕೇಳಿತು. ಏನು ಕೇಳಿತೋ ಅದಕ್ಕೇ ಗೊತ್ತು. ಅತ್ತೆ ಓಕೆ ಒತ್ತಿದರು. ಓಕೆ ಒತ್ತದೆ ಇನ್ನೇನನ್ನು ಒತ್ತಬೇಕಿತ್ತು? ಇದ್ದಬದ್ದ ಚಾನೆಲ್‌ಗಳೆಲ್ಲ ಮಾಯವಾಗಿ ಪರದೆ ನೀಲಿಯಾಯಿತು. ಕ್ರಿಕೆಟ್ ನೋಡಲು ಊಟದ ತಟ್ಟೆ ಹಿಡಿದು ಬಂದ ನಮ್ಮ ಮನೆಯವರು, ಅಂದರೆ ಅತ್ತೆಯ ಮಗ ತಿಪ್ಪೇಸ್ವಾಮಿ, ಒಂದೇ ಮಾತು ಅಂದರು.

"ಓದಾಕೆ ಬರಲ್ಲ ಅಂದ್ಮೇಲೆ ಅದನ್ನ ಯಾಕವ್ವ ಮುಟ್ತೀಯ?"

ಓದೋಕೆ ಬರಲ್ಲ! ಯಾರಿಗೆ?

ನಮ್ಮತ್ತೆ ಈರಕ್ಕ ಜವನಗೊಂಡನಹಳ್ಳಿಯವರು. ಕುರಿ ಹಿಂಡಿನ ಜೊತೆ ಬೆಳೆದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಕ್ಕಳು ಸ್ಲೇಟು ಹಿಡಿದಾಗ ಪಕ್ಕದಲ್ಲಿ ಕೂತು, ಸಂತೆಗೆ ಹೋಗುವಾಗ ಬಸ್ಸಿನ ಬೋರ್ಡು ನೋಡಿ, ಒಂದೊಂದೇ ಅಕ್ಷರ ಕೂಡಿಸಿಕೊಂಡವರು. ಇವತ್ತಿಗೂ ಅವರ ಜೊತೆ ಬಸ್ ಸ್ಟ್ಯಾಂಡಿಗೆ ಹೋದರೆ ನನ್ನ ಕಣ್ಣಿಗೆ ಕೆಲಸವಿಲ್ಲ. "ಹೊಸದುರ್ಗ... ಹೊಳಲ್ಕೆರೆ... ಭೀಮಸಮುದ್ರ..." ಎಂದು ಬಂದ ಬಸ್ಸನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಬಜ್ಜಿ ಕಟ್ಟಿಕೊಟ್ಟ ಪೇಪರನ್ನೂ ಓದಿಯೇ ಬಿಸಾಡುತ್ತಾರೆ. ನನ್ನ ಈ ಅಂಕಣವನ್ನೂ ಓದುತ್ತಾರೆ, ಓದಿ ಬೈಯುತ್ತಾರೆ.

ಅಂಥ ಹೆಂಗಸು ತನ್ನದೇ ಮನೆಯ ಟಿವಿ ಮುಂದೆ ಅನಕ್ಷರಸ್ಥೆ ಆಗಿದ್ದು ಹೇಗೆ? ಅವರಿಗೆ ಓದು ಬರುತ್ತೆ. ಬಾಕ್ಸಿಗೆ ಕನ್ನಡ ಬರಲ್ಲ. ಬೈಸಿಕೊಂಡವರು ಮಾತ್ರ ಅವರು!

ನನಗೆ ಸಿಟ್ಟು ನೆತ್ತಿಗೇರಿತು. ಗಂಡನ ಮೇಲೆ ಒಂದಿಷ್ಟು, ಬಾಕ್ಸಿನ ಮೇಲೆ ಪೂರ್ತಿ.

ಮೊದಲು ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಎಷ್ಟು ಚೆಂದದ ಕನ್ನಡದಲ್ಲಿ ಹೇಳಿದಳು ಗೊತ್ತಾ? "ಕ್ಷಮಿಸಿ ಮೇಡಂ, ನಮ್ಮ ಬಾಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ. ನಿಮಗೆ ಬೇರೆ ಏನಾದರೂ ಸಹಾಯ ಬೇಕಿತ್ತೇ?"

"ಇದೇ ಸಹಾಯ ಬೇಕಿತ್ತಮ್ಮ" ಅಂದು ಫೋನಿಟ್ಟೆ.

ಹೊಳಲ್ಕೆರೆ ರಸ್ತೆಯಲ್ಲಿ ನನ್ನದೊಂದು ರವಿಕೆ ಹೊಲಿಯುವ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಹುಡುಕತೊಡಗಿದೆ. ಚಾನೆಲ್ ಹೆಸರನ್ನು ನಮಗೆ ಬೇಕಾದ ಭಾಷೆಯಲ್ಲಿ ಬರೆದುಕೊಳ್ಳಬಹುದಾದ ಬಾಕ್ಸು ಯಾವುದಾದರೂ ಇದೆಯಾ? ಇದೆ! ಲಿನಕ್ಸ್ ರಿಸೀವರ್ ಅನ್ನುತ್ತಾರೆ. ಡಿಶ್‌ನಿಂದ ಬರುವ ಸಿಗ್ನಲ್ ಹಿಡಿಯುವ ಪೆಟ್ಟಿಗೆಯೇ, ಆದರೆ ಒಳಗೆ ಒಂದು ಪುಟ್ಟ ಕಂಪ್ಯೂಟರ್. ಅದರ ಸಾಫ್ಟ್‌ವೇರಿಗೆ ಬೀಗ ಇಲ್ಲ. ಚಾನೆಲ್ ಪಟ್ಟಿ ನಮ್ಮದು, ಯಾವುದು ಮೇಲೆ ಯಾವುದು ಕೆಳಗೆ ಅನ್ನುವುದು ನಮ್ಮಿಷ್ಟ, ಹೆಸರೂ ನಮ್ಮಿಷ್ಟ. ಹೊಲಿಯುವವಳ ಭಾಷೆಯಲ್ಲಿ ಹೇಳುವುದಾದರೆ, ಕಂಪನಿ ಬಾಕ್ಸು ರೆಡಿಮೇಡ್ ರವಿಕೆ, ಇದು ಒಳಗೆ ಬಟ್ಟೆ ಬಿಟ್ಟು ಹೊಲಿದ ರವಿಕೆ. ಬೇಕಾದಾಗ ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು.

ನಮ್ಮೂರು ದುರ್ಗದ ಅಂಗಡಿಗಳಿಗೆ ಹೋದೆ. ಒಬ್ಬ ಕೇಳಿದ, "ಸರ್ ಬಂದಿಲ್ವಾ?" ಸರ್ ಬಂದು ಏನು ಮಾಡಬೇಕಿತ್ತಪ್ಪ? ಇನ್ನೊಬ್ಬ ಕನ್ನಡಕದ ಮೇಲಿಂದ ನೋಡಿ, "ಮೇಡಂ, ಅದು ಬಿಗಿನರ್ಸ್‌ಗೆ ಅಲ್ಲ" ಅಂದ.

ಬಿಗಿನರ್ ಅಲ್ಲದೆ ಹುಟ್ಟಿದವರು ಯಾರಾದರೂ ಇದ್ದಾರಾ? ನಾನೇನು ಗುಂಡಿಗೆ ಕಾಜಾ ಹಾಕುವುದನ್ನು ಕಲಿತುಕೊಂಡೇ ತೊಟ್ಟಿಲಿಗೆ ಬಂದೆನಾ? ಮೊದಲ ರವಿಕೆ ಕೆಡಿಸಿಯೇ ಎರಡನೆಯದು ಹೊಲಿದದ್ದು. ಟಿವಿ ಬಾಕ್ಸಿಗೆ ಮಾತ್ರ ಯಾಕೆ ಈ ಮಡಿ?

ಇಂಟರ್ನೆಟ್ಟಿನ ಪಂಡಿತರ ಕಥೆಯೂ ಅದೇ. ಇಂಥ ಬಾಕ್ಸುಗಳ ಬಗ್ಗೆ ಚರ್ಚೆ ಮಾಡುವ ಫೋರಂಗಳಿವೆ. ನನ್ನ ಹರುಕು ಮುರುಕು ಇಂಗ್ಲಿಷಿನಲ್ಲಿ ಕೇಳಿದೆ, "ಹೊಸಬಳು, ಯಾವುದನ್ನು ತಗೊಳ್ಳಲಿ?" ಒಬ್ಬ ಮೊದಲು ಎಲ್ಲ ಓದಿಕೊಂಡು ಬಾ ಅಂದ. ಇನ್ನೊಬ್ಬ ಒಂದು ಮಾಡೆಲ್ ಹೆಸರು ಹೇಳಿದ. ಮೂರನೆಯವನು ಅದು ಕಸ ಅಂದ. ಅವರಿಬ್ಬರ ಜಗಳದಲ್ಲಿ ನನ್ನನ್ನು ಮರೆತೇಬಿಟ್ಟರು. ಆದರೆ ಆ ಜಗಳ ಓದಿಯೇ ನಾನು ಒಂದು ಪಾಠ ಕಲಿತೆ. ಯಾವ ಬಾಕ್ಸನ್ನು ಅತಿ ಹೆಚ್ಚು ಜನ ಬೈಯುತ್ತಾರೋ ಅದನ್ನೇ ಕೊಳ್ಳಬೇಕು. ಅಷ್ಟು ಜನ ಬೈಯುತ್ತಿದ್ದಾರೆ ಅಂದರೆ ಅಷ್ಟು ಜನ ಬಳಸುತ್ತಿದ್ದಾರೆ. ನಾಳೆ ನಿಮಗೆ ತೊಂದರೆಯಾದರೆ ಆ ತೊಂದರೆ ಮೊದಲೇ ಅನುಭವಿಸಿದವನೊಬ್ಬ ಎಲ್ಲೋ ಇದ್ದೇ ಇರುತ್ತಾನೆ. ಯಾರೂ ಮಾತೇ ಆಡದ ಚೆಂದದ ಬಾಕ್ಸು ಕೆಟ್ಟರೆ ಅದರ ಜೊತೆ ನೀವೊಬ್ಬರೇ.

ಕೊನೆಗೆ ಸಿಕ್ಕಿದ್ದು ಹಿರಿಯೂರಿನ ರುದ್ರಮುನಿ. ಕೇಬಲ್ ಕಾಲದಿಂದಲೂ ಡಿಶ್ ಸಾಮಾನು ಮಾರುವ ಮನುಷ್ಯ. "ಬರ್ರಿ ಅಕ್ಕಾರೆ, ಕುಂತ್ಕಳ್ರಿ" ಅಂದು ಪ್ರಶ್ನೆ ಶುರು ಮಾಡಿದ. ಟ್ಯೂನರ್ ಒಂದು ಸಾಕಾ, ಎರಡು ಬೇಕಾ? ಒಂದು ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡೋದಿದ್ರೆ ಎರಡು ಅಂತೆ. ನಮ್ಮ ಮನೆಯಲ್ಲಿ ನೋಡುವುದಕ್ಕೇ ಪುರುಸೊತ್ತಿಲ್ಲ. ಒಂದು ಸಾಕು. ಫೋರ್ ಕೆ? ನಮ್ಮ ಟಿವಿಯೇ ಹಳೇದು. ಬೇಡ. ವೈಫೈ? ಬೇಕು, ಮೊಬೈಲಿನಿಂದ ಹೆಸರು ಟೈಪ್ ಮಾಡಬೇಕಲ್ಲ.

"ಇನ್ನೊಂದು ಐತೆ ಅಕ್ಕಾರೆ" ಎಂದು ದನಿ ಇಳಿಸಿದ. "ಒಂದು ಸರ್ವರ್ ಲೈನ್ ಹಾಕಿಸ್ಕಂಡ್ರೆ ಪೇ ಚಾನೆಲ್ ಎಲ್ಲಾ ಪುಕ್ಸಟ್ಟೆ. ಇಂಥ ಬಾಕ್ಸ್ ತಗಳ್ಳೋರೆಲ್ಲ ಅದಕ್ಕೇ ತಗಳ್ಳಾದು."

"ಕದ್ದು ನೋಡಾಕಲ್ಲ ಕಣಪ್ಪ, ಓದಿ ನೋಡಾಕೆ" ಅಂದೆ. "ನಮ್ಮತ್ತೆಗೆ ಕನ್ನಡದಾಗೆ ಹೆಸರು ಬರಬೇಕು. ಅಷ್ಟೇ."

ರುದ್ರಮುನಿ ನನ್ನ ಮುಖವನ್ನೇ ನೋಡಿದ. "ಇಷ್ಟು ವರ್ಷದಾಗೆ ಇದನ್ನ ಕೇಳ್ಕಂಡು ಬಂದೋರು ನೀವೇ ನೋಡ್ರಿ" ಅಂದ. ಆಮೇಲೆ, ದುಡ್ಡು ಕಟ್ಟದೆ ನೇರ ಸಿಗುವ ಚಾನೆಲ್ ಬಹಳ ಇವೆ, ಕನ್ನಡದ್ದು, ತೆಲುಗಿನದು, ಸರ್ಕಾರದ್ದು, ಆದರೆ ಎಲ್ಲ ಹಿಡಿಯಬೇಕಾದರೆ ಹಳೇ ಕಾಲದ ದೊಡ್ಡ ಜಾಲರಿ ಡಿಶ್ ಬೇಕು, ಈಗ ಯಾರೂ ಇಡುವುದಿಲ್ಲ ಎಂದ. ಅತ್ತೆ ಕಣ್ಣೀರು ಸುರಿಸುತ್ತಾ ನೋಡುತ್ತಿದ್ದ ಎರಡು ಧಾರಾವಾಹಿಯ ಬಗ್ಗೆ ಕೇಳಿದ್ದಕ್ಕೆ ಅವು ಇದರಲ್ಲಿ ಬರುವುದಿಲ್ಲ ಅಂತಲೂ ಹೇಳಿದ. ಸುಳ್ಳು ಹೇಳಿ ಮಾರಲಿಲ್ಲ, ಅದಕ್ಕೇ ಅವನಲ್ಲೇ ಆರ್ಡರ್ ಕೊಟ್ಟೆ.

ಮನೆಗೆ ಬಂದು ಎಲ್ಲ ಹೇಳಿದೆ. ಧಾರಾವಾಹಿ ಹೋಗುತ್ತೆ ಅನ್ನುವಾಗ ಹೆದರಿಕೊಂಡೇ ಹೇಳಿದೆ.

ಅತ್ತೆ ಕಡಲೆಕಾಯಿ ಸಿಪ್ಪೆ ಕೊಡವಿದರು. "ಹೋಗ್ಲಿ ಬಿಡು. ಧಾರಾವಾಹಿಯಾಗಿನ ಆಕಿ ವರ್ಷದಿಂದ ಅಳ್ತಾನೇ ಅವ್ಳೆ. ನಾನು ನೋಡ್ದಿದ್ರೂ ಅಳ್ತಾಳೆ." ಆಮೇಲೆ, "ಜಾಲರಿ ಡಿಶ್ಶು ಅಂದ್ಯಲ್ಲ, ನಮ್ಮ ತಮ್ಮನ ಮನೆತಾವ ಕುರಿಮರಿ ಮುಚ್ಚಾದು ಅದೇ ಅಲ್ವೇನೆ? ನಡಿ, ಹೋಗಾಣ" ಅಂದರು.

ಜವನಗೊಂಡನಹಳ್ಳಿಯಲ್ಲಿ ಕೇಬಲ್ಲಿನವನು ಬಿಟ್ಟುಹೋದ ಡಿಶ್ಶನ್ನು ಬೋರಲು ಹಾಕಿ, ಅದರಡಿ ಎಳೇ ಮರಿಗಳನ್ನು ಬಿಟ್ಟಿದ್ದರು. ಗಾಳಿ ಆಡುತ್ತೆ, ನಾಯಿ ನುಗ್ಗಲ್ಲ, ಅದಕ್ಕಿಂತ ಒಳ್ಳೇ ಗೂಡು ಉಂಟಾ? ಅತ್ತೆಯ ತಮ್ಮ ಕೊಡಲು ಗೊಣಗಿದರು. "ಮರಿಗಳಿಗೆ ಹೊಸಾ ಬುಟ್ಟಿ ಹೆಣಿಸಿ ಕೊಡ್ತೀನಿ, ಹಿಡ್ಕಳ್ಳೋ ಈ ಕಡೆ" ಎಂದು ಅತ್ತೆಯೇ ಒಂದು ತುದಿ ಎತ್ತಿದರು. ಲಗೇಜ್ ಆಟೋದಲ್ಲಿ ಡಿಶ್ ದುರ್ಗಕ್ಕೆ ಬಂತು. ಒಂದು ಕಡೆ ಟಗರು ಗುದ್ದಿ ಸೊಟ್ಟಗಾಗಿತ್ತು. ರುದ್ರಮುನಿ ನಮ್ಮ ತಾರಸಿಯ ಮೇಲೆ ಅದನ್ನು ಸುತ್ತಿಗೆಯಿಂದ ನೇರ ಮಾಡಿ, ಬಿಸಿಲಲ್ಲಿ ಬೆವರಿ, ತಂದ ಬಾಕ್ಸನ್ನು ಜೋಡಿಸಿ ಸಿಗ್ನಲ್ ಹಿಡಿದುಕೊಟ್ಟು ಹೋದ.

ಚಾನೆಲ್ ಬಂದವು. ಹೆಸರೆಲ್ಲ ಇಂಗ್ಲಿಷಿನಲ್ಲೇ. ಈಗ ನನ್ನ ಪಾಳಿ. ಮೊಬೈಲಿನಲ್ಲಿ ಬಾಕ್ಸಿನ ಪುಟ ತೆರೆದು ಮೊದಲ ಚಾನೆಲ್ಲಿಗೆ ಕನ್ನಡದಲ್ಲಿ ಹೆಸರು ಹಾಕಿದೆ. ಟಿವಿಯಲ್ಲಿ ಮೂಡಿದ್ದು ಖಾಲಿ ಚೌಕಗಳು! ಅಕ್ಷರ ಇರಬೇಕಾದಲ್ಲೆಲ್ಲ ಚೌಕ, ಚೌಕ, ಚೌಕ. ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಸಿದ್ಧವಾಗಿ ಕೂತಿದ್ದ ಅತ್ತೆ ಕನ್ನಡಕ ತೆಗೆದರು.

"ನಾನು ಅವತ್ತೇ ಹೇಳ್ಲಿಲ್ವಾ, ಸುಮ್ನೆ ಕಂಪನಿದೇ ಇಟ್ಕಳ್ರಿ ಅಂತ" ಅಂದರು ನಮ್ಮ ಮನೆಯವರು. ಅವರು ಅವತ್ತು ಏನೂ ಹೇಳಿರಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಬಿಡುವವಳಾ ನಾನು?

ಬಾಕ್ಸಿನೊಳಗೆ ಕನ್ನಡ ಫಾಂಟ್ ಇರಲಿಲ್ಲ, ಅಷ್ಟೇ. ಇಲ್ಲದಿದ್ದರೆ ಹಾಕಿದರಾಯಿತು. ಫೋರಂನಲ್ಲಿ ಬೇರೆ ಯಾವುದೋ ಭಾಷೆಯವನು ಇದೇ ಚೌಕಗಳ ಕಷ್ಟ ತೋಡಿಕೊಂಡಿದ್ದ, ಇನ್ನೊಬ್ಬ ದಾರಿ ತೋರಿಸಿದ್ದ. ಅದೇ ದಾರಿ ಹಿಡಿದೆ. ಒಮ್ಮೆ ಏನು ಎಡವಟ್ಟು ಮಾಡಿದೆನೋ, ಬಾಕ್ಸು ಏಳಲೇ ಇಲ್ಲ. ಪೆನ್‌ಡ್ರೈವಿನಿಂದ ಸಾಫ್ಟ್‌ವೇರ್ ಪೂರ್ತಿ ಹೊಸದಾಗಿ ತುಂಬಿದೆ, ಎದ್ದಿತು. (ಹೊಸಬರಿಗೆ ಒಂದು ಮಾತು: ಇಂಥ ಬಾಕ್ಸು ಸಾಮಾನ್ಯವಾಗಿ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ಹೆದರಬೇಡಿ.) ಎರಡನೇ ಸಲ ಫಾಂಟ್ ಕೂತಿತು.

ಕನ್ನಡ ಬಂತು! ಪೂರ್ತಿ ಸರಿಯಾಗಿ ಅಲ್ಲ. ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ನಿಂತವು. ನನಗೆ ಬೇಜಾರಾಯಿತು. ಅತ್ತೆ ಮತ್ತೆ ಕನ್ನಡಕ ಏರಿಸಿ ಓದಿಯೇಬಿಟ್ಟರು. "ಇರ್ಲಿ ಬಿಡು. ಬಸ್ ಬೋರ್ಡಿನಾಗೂ ಬಣ್ಣ ಉದುರಿರ್ತೈತೆ. ನಾನು ಓದಲ್ವಾ?"

"ಸರಿ, ಒಂದೊಂದೇ ಹಾಕ್ತೀನಿ ಹೇಳ್ರಿ" ಎಂದು ಚಾನೆಲ್‌ಗಳ ಹೆಸರು ಓದತೊಡಗಿದೆ. ಅತ್ತೆ ಕೈ ಅಡ್ಡ ಹಿಡಿದರು.

"ಆ ಹೆಸರು ನಂಗ್ಯಾಕೆ?"

"ಅದೇ ಅಲ್ವಾ ಅತ್ತೆ ಅದರ ಹೆಸರು?"

"ಅವ್ರು ಇಟ್ಟಿದ್ದು ಅವ್ರಿಗೆ. ನಮ್ಮ ಹಿಂಡಿಗೆ ಒಂದು ಮರಿ ತಂದ್ರೆ, ಮಾರಿದೋರು ಏನಂತ ಕರೀತಿದ್ರು ಅಂತ ಕೇಳ್ತೀವೇನೆ? ಅದರ ಮೂತಿ ನೋಡ್ತೀವಿ, ನಡೆ ನೋಡ್ತೀವಿ, ನಾವೇ ಹೆಸರಿಡ್ತೀವಿ. ಕರಿಮೂತಿ, ಮೋಟುಕಿವಿ, ಕುಣಿಯಾದು ಅಂತ. ಎಲ್ಲಿ, ಇದನ್ನ ಹಚ್ಚು. ಏನು ಮಾಡ್ತೈತೆ ನೋಡಾಣ."

ಹಾಗೆ ಶುರುವಾಯಿತು ನಾಮಕರಣ. ಅತ್ತೆ ಪ್ರತಿ ಚಾನೆಲ್ಲನ್ನೂ ಒಂದಿಷ್ಟು ಹೊತ್ತು ಗಂಭೀರವಾಗಿ ನೋಡುತ್ತಾರೆ, ಅದರ ಯೋಗ್ಯತೆ ಅಳೆಯುತ್ತಾರೆ, ಆಮೇಲೆ ಹೆಸರು ಹೇಳುತ್ತಾರೆ. ನಾನು ಟೈಪ್ ಮಾಡುತ್ತೇನೆ. ಬೆಳಗಿನ ಪೂಜೆದು. ಹಳೇ ಹಾಡಿಂದು. ತೆಲುಗಿನೋರದು. ದನ ಕುರಿ ಬೆಳೇದು. ತಾಯಿತ ಮಾರಾದು. ಬರೀ ಕೂಗಾದು. ಅದಕ್ಕಿಂತ ಜೋರಾಗಿ ಕೂಗಾದು. ನಗಾಡಿ ನಗಾಡಿ ನನ್ನ ಕಣ್ಣಲ್ಲಿ ನೀರು. ಅತ್ತೆ ಮಾತ್ರ ನಗಲಿಲ್ಲ. ಅವರಿಗೆ ಅದು ಕೆಲಸ. ಒಂದು ಚಾನೆಲ್ ನೋಡಿ, "ಇದು ಯಾರಿಗೂ ಬ್ಯಾಡ, ತೆಗಿ" ಅಂದರು. ತೆಗೆದೆ. ಟಿವಿಯಿಂದ ಒಂದು ಚಾನೆಲ್ಲನ್ನು ಹೊರಗೆ ಹಾಕಿದ ಸುಖ ಎಂಥದ್ದು ಅಂತ ನಿಮಗೆ ಗೊತ್ತಾ? ನನಗೂ ಗೊತ್ತಿರಲಿಲ್ಲ.

ಇಷ್ಟಕ್ಕೆ ಇಷ್ಟೆಲ್ಲ ರಂಪ ಬೇಕಿತ್ತಾ ಅಂತ ನನ್ನ ಗಿರಾಕಿಯೊಬ್ಬರು ಕೇಳಿದರು. ಬೇಕಿತ್ತು ಸ್ವಾಮಿ! ತನ್ನ ಮನೆಯ ಟಿವಿಯನ್ನು ತನಗೆ ಬರುವ ಅಕ್ಷರದಲ್ಲಿ ಓದುವುದು 'ಅಡ್ವಾನ್ಸ್ಡ್ ಫೀಚರ್' ಆಗಿದ್ದು ಯಾವಾಗಿನಿಂದ? ಬಾಕ್ಸಿನವರು ಸಾಫ್ಟ್‌ವೇರಿನಲ್ಲಿ ನಾಲ್ಕು ಸಾಲು ಬರೆದಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ನಾನು ಹಿರಿಯೂರಿಗೆ ಅಲೆದೆ, ಕುರಿಮರಿಗಳ ಸೂರು ಕಿತ್ತೆ, ಗಂಡನ ಕೈಲಿ ಅನ್ನಿಸಿಕೊಂಡೆ. ಇನ್ನೊಮ್ಮೆ ಬೇಕಾದರೂ ಮಾಡುತ್ತೇನೆ.

ನಾಮಕರಣ ಮುಗಿದ ಸಂಜೆ ನಮ್ಮ ಮನೆಯವರು ಕೆಲಸದಿಂದ ಬಂದು, ಕೈಕಾಲು ತೊಳೆದು, ಟಿವಿ ಮುಂದೆ ಕೂತು ರಿಮೋಟ್ ಒತ್ತಿದರು. ಪಟ್ಟಿ ತೆರೆಯಿತು. ಮೇಲಕ್ಕೆ ಹೋದರು, ಕೆಳಕ್ಕೆ ಬಂದರು. ಮತ್ತೆ ಮೇಲಕ್ಕೆ ಹೋದರು. ಅವರ ನ್ಯೂಸ್ ಚಾನೆಲ್ಲಿನ ಹೆಸರು ಎಲ್ಲೂ ಇಲ್ಲ.

"ಇದೇನವ್ವ ಇದು? ನನ್ನ ನ್ಯೂಸು ಯಾವ್ದು ಅಂತ ಹ್ಯಾಗೆ ಗೊತ್ತಾಗ್ಬೇಕು ನಂಗೆ?"

ಅತ್ತೆ ಮಗನ ಪಕ್ಕ ಬಂದು ಕೂತರು. ರಿಮೋಟ್ ಕಸಿದುಕೊಳ್ಳಲಿಲ್ಲ.

"ನನ್ನ ಕೇಳಪ್ಪ, ಹೇಳಿಕೊಡ್ತೀನಿ. ಗೊತ್ತಾಗ್ಲಿಲ್ಲ ಅಂತ ನಾನೇನು ಬೈಯಲ್ಲ."