ಎರೆಮಣ್ಣಿನ ಹಿಮಾಲಯ

ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂದಾಗ ನಾನು ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ಹಂಗಾಮಿ ಮಾಸ್ತರನಾಗಿದ್ದೆ. ಸಾಹೇಬರು ಮೆಚ್ಚಿದರೆ ನೌಕರಿ ಕಾಯಂ. ಮೆಚ್ಚದಿದ್ದರೆ ಹುಕ್ಕೇರಿಗೆ ಮರಳಿ ಅಣ್ಣನ ಬೆಲ್ಲದಂಗಡಿಯಲ್ಲಿ ನೊಣ ಹೊಡೆಯುತ್ತ ಕೂಡಬೇಕು. ಅಣ್ಣ ಒಳ್ಳೆಯವನೇ. ಆದರೆ ಗಿರಾಕಿಗಳ ಮುಂದೆ ನನ್ನನ್ನು 'ನಮ್ಮ ಪಂಡಿತರು' ಎಂದು ಕರೆಯುವ ಚಟ ಅವನಿಗೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಾಹೇಬರಿಗೆ ಭೂಗೋಳದ ಹುಚ್ಚು ಎಂದು ಗೋಕಾಕದ ಗೆಳೆಯನೊಬ್ಬ ಹೇಳಿದ್ದ. ಸರಿ, ಸಾಲೆಯ ಅಂಗಳದಲ್ಲಿ ಹಿಂದುಸ್ತಾನ, ಚೀನಾ ಎರಡನ್ನೂ ಎರೆಮಣ್ಣಿನಲ್ಲಿ ಮಾಡಿಬಿಡೋಣವೆಂದು ಹೊರಟೆ. ಹುಡುಗರು ಬುಟ್ಟಿಗಟ್ಟಲೆ ಮಣ್ಣು ಹೊತ್ತರು. ಎರಡೂ ದೇಶಗಳ ನಡುವೆ ಮೊಣಕಾಲೆತ್ತರದ ಹಿಮಾಲಯ ಎದ್ದಿತು, ತುದಿಗೆ ಸುಣ್ಣ ಬಳಿದು ಹಿಮ ಮಾಡಿದೆವು. ಜನ ಎಲ್ಲಿ ಹೆಚ್ಚೋ ಅಲ್ಲಿ ಜೋಳದ ಕಾಳು ಒತ್ತಾಗಿ ಚೆಲ್ಲಿದೆ: ಗಂಗೆಯ ಬಯಲಿಗೊಂದಿಷ್ಟು, ಚೀನಾದ ದೊಡ್ಡ ಹೊಳೆಗಳ ದಂಡೆಗೆ ಇನ್ನೂ ಹೆಚ್ಚು, ಗೋಬಿ ಮರುಭೂಮಿಗೆ ಹೆಚ್ಚೂ ಕಡಿಮೆ ಏನೂ ಇಲ್ಲ. ಮರುದಿನ ಬಂದು ನೋಡಿದರೆ ಓಣಿಯ ಕೋಳಿಗಳು ಚೀನಾದ ಜನರನ್ನೆಲ್ಲ ಹೆಕ್ಕಿ ತಿಂದು ಹಿಂದುಸ್ತಾನಕ್ಕೆ ಕಾಲಿಟ್ಟಿದ್ದವು. ಮತ್ತೆ ಚೆಲ್ಲಿದೆ. ಹೊಳೆಗಳಿಗೆ ಸುರಿದ ನೀರು ಕುಡಿದು ಎರಡೂ ದೇಶದ ಪ್ರಜೆಗಳು ಮೊಳಕೆಯೊಡೆದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಇಷ್ಟರಲ್ಲಿ ಕಾಕಾ ಬಂದರು. ಕಾಕಾ ಎಂದರೆ ಊರಿನ ಹಿರಿಯರು. ನನಗೆ ಇರಲು ಕೋಣೆ, ಉಣ್ಣಲು ರೊಟ್ಟಿ ಕೊಟ್ಟವರು. ಇಷ್ಟಲಿಂಗ ಪೂಜೆಯಾಗದೆ ಹನಿ ನೀರು ಮುಟ್ಟದವರು. ಒಂದೇ ಊನವೆಂದರೆ ಬದುವಿನ ಜಗಳ. ತಮ್ಮ ಹೊಲಕ್ಕೂ ಬಾಜೂ ಹೊಲಕ್ಕೂ ನಡುವಿದ್ದ ಮಣ್ಣಿನ ಬದುವನ್ನು ಅವರು ಬಿತ್ತುವ ಹಂಗಾಮಿನಲ್ಲೆಲ್ಲ ಇಷ್ಟಿಷ್ಟೇ ಆಚೆ ಸರಿಸುತ್ತಾರೆಂದು ಆ ಹೊಲದ ಯಜಮಾನರು ಚಾವಡಿಯಲ್ಲಿ ಕೂಗಾಡದ ವರ್ಷವಿರಲಿಲ್ಲ. ನಮ್ಮ ಮನೆತನದಲ್ಲಿ ಬದು ಮುಟ್ಟಿದವರೇ ಇಲ್ಲ ಎಂದು ಕಾಕಾ ಬಸವಣ್ಣನ ಗುಡಿಯ ಕಡೆ ಕೈ ಮಾಡಿ ಹೇಳುತ್ತಿದ್ದರು. ಊರೇ ನಗುತ್ತಿತ್ತು. ಕಾಕಾ ಮಾತ್ರ ಒಮ್ಮೆಯೂ ಒಪ್ಪಿದವರಲ್ಲ.

ಕಾಕಾ ಹಿಮಾಲಯವನ್ನು ಸುತ್ತು ಹಾಕಿ, ಆಚೆ ಬದಿಗಿದ್ದ ಗುಂಡುಕಲ್ಲು ಯಾವುದೆಂದು ಕೇಳಿದರು. ಕೈಲಾಸ ಎಂದೆ. ನನ್ನ ಹತ್ತಿರವಿದ್ದ ನಕಾಶೆ ಅದನ್ನು ಚೀನಾದ ಬಣ್ಣದೊಳಗೇ ತೋರಿಸಿತ್ತು.

"ಶಿವ ಚೀನಾದಾಗ ಅದಾನೇನ್ರಿ ಮಾಸ್ತರ?"

ನಕಾಶೆ ಹಾಗೆ ಹೇಳುತ್ತದೆ, ನಾನೇನು ಮಾಡಲಿ ಎಂದೆ. ಕಲ್ಲನ್ನು ಈಚೆಗೆ ಇಡಿ ಎಂದರು. ಪರ್ವತವನ್ನು ಎತ್ತಿಡಲು ನಾನೇನು ಹನುಮಂತನೇ ಎಂದು ರೇಗಿದೆ. ಕಾಕಾ ಹೊರಟುಹೋದರು. ಆ ರಾತ್ರಿ ನನ್ನ ರೊಟ್ಟಿಗೆ ಬೆಣ್ಣೆ ಬೀಳಲಿಲ್ಲ.

ಮರುದಿನ ಸಾಹೇಬರ ಕುದುರೆ ಗಾಡಿ ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಿತು. ಓಡುತ್ತ ಹೋದೆ. ಊರ ಜನವೆಲ್ಲ ಅಂಗಳದಲ್ಲಿ ನೆರೆದಿತ್ತು. ನೋಡುತ್ತೇನೆ, ಕೈಲಾಸ ಇದ್ದಲ್ಲೇ ಇದೆ, ಅದಕ್ಕೆ ವಿಭೂತಿ ಬಿದ್ದಿದೆ, ಬಿಲ್ವಪತ್ರೆ ಏರಿದೆ. ಹಿಮಾಲಯವೇ ಸರಿದಿತ್ತು! ಯಾರೋ ಬೆಳಗಿನ ಜಾವ ಸಲಿಕೆ ಹಿಡಿದು ಇಡೀ ಪರ್ವತಸಾಲನ್ನು ಕಡಿದು, ಕೈಲಾಸದ ಆಚೆ ಅಚ್ಚುಕಟ್ಟಾಗಿ ಬದು ಹಾಕಿದಂತೆ ಹಾಕಿದ್ದರು. ಮೇಲೆ ತುಳಿದು ಗಟ್ಟಿ ಕೂಡ ಮಾಡಿದ್ದರು. ಚೀನಾದ ಒಂದು ಹೊಳೆ ಹುಟ್ಟುವ ಮೊದಲೇ ಸತ್ತಿತ್ತು.

ಸಾಹೇಬರು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಹಿಮಾಲಯ ಎಲ್ಲಿದೆ ಎಂಬುದೇ ಗೊತ್ತಿಲ್ಲದವರು ಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ಕೇಳಿ ಜೇಬಿನಿಂದ ಪೆನ್ಸಿಲ್ ತೆಗೆದರು. ಉಣ್ಣುವ ಮನೆಯ ಯಜಮಾನರ ಮೇಲೆ ಹೇಗೆ ದೂರು ಹೇಳಲಿ? ಹೇಳದಿದ್ದರೆ ಬೆಲ್ಲದಂಗಡಿ. ಕಾಕಾನ ಕಡೆ ನೋಡಿದೆ. ಅವರು ನನ್ನ ಮುಖ ನೋಡಿದರು, ಪೆನ್ಸಿಲ್ ನೋಡಿದರು, ಹಿಂದೆ ನಿಂತಿದ್ದ ಬಾಜೂ ಹೊಲದವರನ್ನು ನೋಡಿದರು. ರುಮಾಲು ತೆಗೆದು ಬೆವರು ಒರೆಸಿಕೊಂಡರು.

"ಮಾಸ್ತರದು ತಪ್ಪಿಲ್ರಿ ಸಾಹೇಬ್ರ," ಎಂದರು. "ಬದು ನಾ ಸರಿಸೇನಿ."

ಬಾಜೂ ಹೊಲದವರು ಜನರನ್ನು ನೂಕಿಕೊಂಡು ಮುಂದೆ ಬಂದು ಕೈಮುಗಿದರು.

"ಸಾಹೇಬ್ರ, ಈ ಮಾತು ಅಷ್ಟ ಬರಕೋರ್ರಿ. ನಮ್ಮ ಹೊಲದ್ದು ನಾ ಆಮ್ಯಾಲ ಹೇಳ್ತೇನಿ."

ಸಾಹೇಬರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಪೆನ್ಸಿಲ್ ಕೆಳಗೆ ಬಿದ್ದರೂ ಲಕ್ಷ್ಯವಿಲ್ಲದೆ ನಕ್ಕರು. ನನ್ನ ನೌಕರಿ ಕಾಯಂ ಆಯಿತು.

ಸಂಜೆ ಕಾಕಾ ಸಲಿಕೆ ಹಿಡಿದು ಹಿಮಾಲಯವನ್ನು ಮೊದಲಿದ್ದಲ್ಲಿಗೆ ತಂದರು. ಮುಗಿಯುವವರೆಗೂ ಬಾಜೂ ಹೊಲದವರು ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದರು. ಆಮೇಲೆ ಇಬ್ಬರೂ ಕೂಡಿ ಹೊಲದ ಕಡೆ ನಡೆದರು, ಕಾಕಾನ ಹೆಗಲ ಮೇಲೆ ಅದೇ ಸಲಿಕೆ.

ರಾತ್ರಿ ಕಾಕಾ ನನ್ನ ಪಕ್ಕ ಊಟಕ್ಕೆ ಕುಳಿತರು. ತಲೆಮಾರಿನಿಂದ ಗಳಿಸಿದ ನೆಲ ಒಂದೇ ಸಂಜೆಗೆ ಹೋಗಿತ್ತು. ನಾನು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದೆ. ಆಗ ಅವರು ಬೆಣ್ಣೆಯ ಗಡಿಗೆಯನ್ನು ನನ್ನ ಕಡೆ ಸರಿಸಿದರು.

"ಶಿವ ಚೀನಾದಾಗ ಇದ್ರ ಇರಲಿ ಬಿಡ್ರಿ," ಎಂದರು. "ನೀವು ಇಲ್ಲೇ ಇರ್ರಿ."