ಸಂಕ್ರಾಂತಿಯ ಮರುದಿನ ಬಂದ ಜೀಪು

“ಎತ್ತನ್ನು ಇನ್ನೊಂದು ಸಲ ಬೆಂಕಿ ಹಾಯಿಸಿ, ಒಂದೇ ಒಂದು ಫೋಟೋ ಸಾಕು” ಎಂದರು ಬೆಂಗಳೂರಿನಿಂದ ಜೀಪಿನಲ್ಲಿ ಬಂದ ಸಾಹೇಬರು. ದೂರದಿಂದ ಬಂದು ನೋಡಬೇಕಾದ ದೇಶದ ಹಬ್ಬಗಳ ಬಗ್ಗೆ ಅವರ ಇಲಾಖೆ ಪುಸ್ತಕ ತರುತ್ತಿತ್ತು. ಆದರೆ ಅಗರ ಎಂಬ ಆ ಹಳ್ಳಿಯಲ್ಲಿ ಸಂಕ್ರಾಂತಿಯ ಕಿಚ್ಚು ಹಿಂದಿನ ಸಂಜೆಯೇ ಮುಗಿದಿತ್ತು. ಹಬ್ಬದ ದಿನ ಸರ್ಕಾರಿ ರಜೆಯಾದ್ದರಿಂದ ಸಾಹೇಬರು ಮರುದಿನ ಬಂದಿದ್ದರು.

ಅದು ಅರವತ್ತರ ದಶಕ. ಯಳಂದೂರು ತಾಲ್ಲೂಕು ಕಚೇರಿಯ ಗುಮಾಸ್ತನಾಗಿದ್ದ ನಾನು ದಾರಿ ತೋರಿಸಲು ಜೊತೆಗಿದ್ದೆ. ಎತ್ತಿನ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಅದರ ಸುಟ್ಟ ಕಾಲಿಗೆ ಹರಳೆಣ್ಣೆ ಸವರುತ್ತಿದ್ದರು. ಸಾಹೇಬರು ನನ್ನತ್ತ ನೋಡಿದರು.

“ಸರ್ಕಾರದ ಕೆಲ್ಸ ಅಜ್ಜಿ, ಇಲ್ಲ ಅನ್ಬೇಡಿ” ಎಂದು ನಾನೂ ಒತ್ತಾಯಿಸಿದೆ.

ಅಜ್ಜಿ ತಲೆಯೆತ್ತದೆ, “ಬೆಂಕಿ ಬೇಕಾದ್ರೆ ಆಕುಸ್ತೀನಿ ಕಣಪ್ಪ. ಎತ್ಗೆ ನೆನ್ನೇನೇ ಅಬ್ಬ ಆಗೋಯ್ತು. ಇವತ್ತು ಬಂದಿರೋರು ನೀವು, ನೀವೇ ನೆಗೀರಿ” ಎಂದರು.

ಸಾಹೇಬರು ತಮ್ಮ ಇಸ್ತ್ರಿ ಪ್ಯಾಂಟನ್ನೊಮ್ಮೆ ನೋಡಿಕೊಂಡರು. ಕೊನೆಗೆ, ಮಲಗಿ ಮೆಲುಕು ಹಾಕುತ್ತಿದ್ದ ಎತ್ತಿನದೇ ಫೋಟೋ ತೆಗೆದುಕೊಂಡು ಹೊರಟರು. ಕೆಲವು ತಿಂಗಳ ಮೇಲೆ ಪುಸ್ತಕ ನಮ್ಮ ಕಚೇರಿಗೆ ಬಂತು. ಚಿತ್ರದ ಕೆಳಗೆ “ಬೆಂಕಿಗೆ ನುಗ್ಗಲು ಸಜ್ಜಾದ ವೀರ ವೃಷಭ” ಎಂದಿತ್ತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮರುವರ್ಷ ಹಬ್ಬದ ದಿನವೇ, ತಪ್ಪಾಯಿತು ಎಂದು ಹೇಳಲು, ಬಸ್ಸು ಹತ್ತಿ ಅಗರಕ್ಕೆ ಹೋದೆ. ನನಗೆ ಬಾಯಿ ತೆರೆಯಲೂ ಬಿಡದೆ ಅಜ್ಜಿ ನನ್ನ ಅಂಗೈ ತುಂಬ ಎಳ್ಳುಬೆಲ್ಲ ಸುರಿದು, “ಈ ಸಲ ಎತ್ನ ಬೆಂಕಿ ತಾವ್ಕೆ ಬುಡಾಕಿಲ್ಲ ಕಣ್ ಮಗ” ಎಂದರು.