ಇಡ್ಲಿ, ವಡೆ, ಸಾದಾ, ಮಸಾಲಾ

ಎಪ್ಪತ್ತರ ದಶಕದ ಆರಂಭದಲ್ಲಿ ಮುಂಬಯಿಯ ಸಾಂತಾಕ್ರೂಜ್‌ನ ಚಾಳೊಂದರ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಬೆಳಿಗ್ಗೆ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿ, ಮಧ್ಯಾಹ್ನದಿಂದ ದಾದರ್‌ನ ಆಫೀಸೊಂದರಲ್ಲಿ ಟೈಪ್ ಮಾಡುತ್ತಿದ್ದೆ. ಅವನು ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಸಪ್ಲೈಯರ್. ಅಣ್ಣ ಎನ್ನುತ್ತಿದ್ದೆ, ಸಂಬಂಧವೇನೂ ಇಲ್ಲ. ಅಷ್ಟು ದೊಡ್ಡ ಊರಿನಲ್ಲಿ ನನ್ನನ್ನು "ಊಟ ಆಯ್ತಾ?" ಎಂದು ಕೇಳುತ್ತಿದ್ದವನು ಅವನೊಬ್ಬನೇ.

ನಾನು ಮಿದುಳಿನ ಭಾಗಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ: ನೋಟಕ್ಕೆ ಹಿಂದಲೆಯ ಆಕ್ಸಿಪಿಟಲ್, ಸಮತೋಲಕ್ಕೆ ಸೆರೆಬೆಲಮ್, ಮಾತಿಗೆ ಎಡಗಡೆಯ ಫ್ರಂಟಲ್.

"ಎಂತ ಮಾರಾಯ, ತಲೆಯೊಳಗೂ ಚಾಳಾ? ಒಬ್ಬೊಬ್ಬರಿಗೆ ಒಂದೊಂದು ಖೋಲಿ!" ಎಂದು ಅವನು ನಗುತ್ತಿದ್ದ.

ಒಂದು ಬೆಳಿಗ್ಗೆ ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಬಂದ ಮೇಲೂ "ಆ... ಆ..." ಬಿಟ್ಟರೆ ಬೇರೆ ಇಲ್ಲ. ಮಾತು ಹೋಗುವ ಈ ಕಾಯಿಲೆಗೆ ಹೆಸರು ಅಫೇಸಿಯಾ, ಜಾಗ ಎಡಗಡೆಯ ಫ್ರಂಟಲ್. ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವನು ನಾನು; ಗೊತ್ತಿದ್ದು ಏನು ಮಣ್ಣು ಬಂತು! ಮಾತು ಬಾರದಿದ್ದರೆ ಊರಿಗೆ ಕಳಿಸುವುದೇ ಸರಿ ಎಂದರು ಹೋಟೆಲಿನವರು. ನನಗೆ ಹೆದರಿಕೆಯಾಯಿತು. ಅವನ ಬಗ್ಗೆಯಲ್ಲ, ನಾನು ಒಬ್ಬನೇ ಉಳಿಯುತ್ತೇನಲ್ಲ ಎಂದು.

ತಿಂಗಳು ಕಳೆದ ಒಂದು ಸಂಜೆ ಸುಸ್ತಾಗಿ ಬಂದು ಅವನೆದುರು ಕುಳಿತು, "ತಿನ್ನಲಿಕ್ಕೆ ಎಂತ ಉಂಟು?" ಎಂದೆ. ಅವನು ನೆಟ್ಟಗಾದ.

"ಇಡ್ಲಿ, ವಡೆ, ಸಾದಾ, ಮಸಾಲಾ, ಉಪ್ಪಿಟ್ಟು, ಶೀರಾ!"

ಒಂದೇ ಉಸಿರು, ತಡವರಿಕೆಯೇ ಇಲ್ಲ. ಗಿರಾಕಿ ಕುಳಿತ ಕೂಡಲೇ ಸಪ್ಲೈಯರ್ ಒದರುವ ಪಟ್ಟಿ. ನನಗೆ ಹುಚ್ಚು ಸಂತೋಷ. ಆಗಲೇ ಊರಿನಲ್ಲಿದ್ದ ಅವನ ಹೆಂಡತಿಗೆ ಕಾರ್ಡು ಗೀಚಿ ಹಾಕಿದೆ: ಮಾತು ಬಂತು, ಇಲ್ಲೇ ಇರಲಿ.

ರೂಢಿಯಿಂದ ಬರುವ ಮಾತು ಬೇರೆ, ಬೇಕೆಂದು ಆಡುವ ಮಾತು ಬೇರೆ, ಮೊದಲನೆಯದು ಎಷ್ಟೋ ಸಲ ಉಳಿದುಬಿಡುತ್ತದೆ ಎಂಬುದು ಪುಸ್ತಕದ ಮುಂದಿನ ಪುಟದಲ್ಲೇ ಇತ್ತು. ನಾನದನ್ನು ಓದಿದ್ದು ಆಮೇಲೆ.

ಆ ಮಾತು ಕೇಳಲೆಂದೇ ಅವಳು ಊರಿನಿಂದ ಬಸ್ಸು ಹತ್ತಿ ಬಂದಳು. "ನಾನು ಯಾರು ಹೇಳಿ, ಕಾಂಬ" ಎಂದಳು. ಅವನು ಬಾಯಿ ತೆರೆದ: "ಆ... ಆ..."

"ಮಾತು ಬಂತು ಅಂತ ಬರೆದದ್ದು ನೀವೇ ಅಲ್ವಾ?"

ನಾನು ತಲೆ ತಗ್ಗಿಸಿ ಇದ್ದದ್ದನ್ನು ಹೇಳಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಗಿರಾಕಿಯ ಹಾಗೆ ಅವನೆದುರು ಕುಳಿತಳು. ಇಪ್ಪತ್ತು ವರ್ಷದಲ್ಲಿ ಗಂಡನ ಹೋಟೆಲಿನ ಮೆಟ್ಟಿಲು ತುಳಿದವಳಲ್ಲ.

"ತಿನ್ನಲಿಕ್ಕೆ ಎಂತ ಉಂಟು?"

ಅವನು ಪಟ್ಟಿ ಪೂರ್ತಿ ಹೇಳಿದ.

"ಶೀರಾ ಕೊಡಿ" ಎಂದಳು.

ಅವನು ಗೋಡೆಯ ಕಡೆ ತಿರುಗಿ, ಅಡುಗೆಮನೆಗೆ ಕೇಳುವಂತೆ ಕೂಗಿದ: "ಏಕ್ ಶೀರಾ!"

ಮೂರನೆಯ ದಿನ ಅವನನ್ನು ಊರಿಗೆ ಕರೆದುಕೊಂಡು ಹೋದಳು. ಸಂಜೆ ಆಫೀಸಿನಿಂದ ಬಂದು ಬೀಗ ತೆಗೆದೆ. "ತಿನ್ನಲಿಕ್ಕೆ ಎಂತ ಉಂಟು?" ಎಂದಿತು ನನ್ನ ಬಾಯಿ, ತನ್ನಷ್ಟಕ್ಕೇ. ಅಂದು ನಾನು ಊಟ ಮಾಡಲಿಲ್ಲ. ಆಯ್ತಾ ಎಂದು ಯಾರೂ ಕೇಳಲಿಲ್ಲ.